ಬೊಗಸೆಯಷ್ಟು ಕಡಲು

ಮನೆಯೊಳಗೆ ಕಡಲನ್ನು ಇಟ್ಟುಕೊಳ್ಳುವ ಹವ್ಯಾಸವೊಂದು ಈಚೆಗೆ ನಮ್ಮ ಊರುಗಳಲ್ಲಿಯೂ ಕಾಣಿಸಿಕೊಂಡಿದೆ. ಹಿಂದೆ ಅನುಕೂಲಸ್ಥರ ಹಜಾರದಲ್ಲಿ ಗಾಜಿನ ಪೆಟ್ಟಿಗೆಯೊಂದಿದ್ದರೆ ಅದರಲ್ಲಿ ಸಿಹಿನೀರು, ನಾಲ್ಕು ಹೊಂಬಣ್ಣದ ಮೀನು, ಗುಳ್ಳೆ ಬಿಡುವ ಒಂದು ಪ್ಲಾಸ್ಟಿಕ್ಕಿನ ಕಪ್ಪೆ ಇಷ್ಟೇ ಇರುತ್ತಿದ್ದುವು. ಈಗ ಉಪ್ಪುನೀರಿನ ತೊಟ್ಟಿಗಳು ಬಂದಿವೆ. ಈ ಉಪ್ಪುನೀರಿನವರಲ್ಲಿಯೂ ಒಂದು ಒಳಪಂಗಡವುಂಟು. ಬಣ್ಣದ ಮೀನುಗಳಿಂದ ತೃಪ್ತರಾಗದೆ, ಕಡಲಕುದುರೆ, ಮ್ಯಾಂಟಿಸ್ ಸೀಗಡಿ, ಅಂಗೈಯಗಲದ ಆಕ್ಟೋಪಸ್ಸು ಮೊದಲಾದ ಅಪರೂಪದ ಜೀವಿಗಳಿಗಾಗಿ, ಒಂದು ಜಾತಿಗೆ ಒಂದು ತೊಟ್ಟಿ ಎಂಬಂತೆ ಸಣ್ಣ ತೊಟ್ಟಿಗಳನ್ನು ಅಣಿಮಾಡುವವರು ಅವರು.

ಕನ್ನಡ ಪಾಠ ಹೇಳುವವನಿಗೆ ಈ ಉಸಾಬರಿ ಏಕೆಂದು ವಾಚಕರು ಕೇಳಿಯಾರು. ಹಲವನ್ನು ಕಲೆಹಾಕುವುದು ಮೇಲೋ, ಒಂದನ್ನು ಬಲ್ಲವನಾಗುವುದು ಮೇಲೋ ಎಂಬ ಪ್ರಶ್ನೆ ಪುಸ್ತಕದ ಬೀರುವಿನ ಮುಂದೆ ನಿಂತವನಿಗೂ ಉಂಟು, ತೊಟ್ಟಿಯ ಮುಂದೆ ನಿಂತವನಿಗೂ ಉಂಟು. ಪುಸ್ತಕಗಳಿಗಾದರೋ ನಾವು ಓದದೆ ಇಟ್ಟುಕೊಂಡರೆ ಪ್ರಾಣಭಯವಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಕಡಲ ಜೀವಿಗಳನ್ನು ಸಾಕುವವರಲ್ಲಿ ಈ ಏಕಜಾತಿಯ ಸಣ್ಣ ತೊಟ್ಟಿಯವರ ದಾರಿಯೇ ಸರಿಯಾದದ್ದು; ಆದರೆ ಅವರನ್ನು ಆ ದಾರಿಗೆ ಎಳೆದು ತಂದ ‘ಅಪರೂಪ’ ಎಂಬ ಆಸೆಯನ್ನು ಬಾಗಿಲಲ್ಲಿಯೇ ಬಿಟ್ಟು ಒಳಗೆ ಬರಬೇಕು.

ಗಾಜಿನ ತೊಟ್ಟಿಯ ಇತಿಹಾಸವನ್ನು ನೋಡಿದರೆ ಅದು ಹುಟ್ಟಿದ್ದೇ ಒಂದು ಜೀವಿಗಾಗಿ, ಒಂದು ಪ್ರಶ್ನೆಗಾಗಿ. ಜೀನ್ ವಿಲ್‌ಪ್ರೋ-ಪವರ್ ಎಂಬಾಕೆ 1794ರಲ್ಲಿ ಫ್ರಾನ್ಸಿನ ಹಳ್ಳಿಯೊಂದರಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಉಡುಪಿನ ಕಸೂತಿಯ ಕೆಲಸ ಮಾಡಿಕೊಂಡಿದ್ದವಳು. ಇಂಗ್ಲಿಷ್ ವರ್ತಕನೊಬ್ಬನನ್ನು ಮದುವೆಯಾಗಿ ಸಿಸಿಲಿಯ ಮೆಸ್ಸೀನಾ ಪಟ್ಟಣಕ್ಕೆ ಬಂದಳು. ಅಲ್ಲಿನ ಕಡಲಿನಲ್ಲಿ ಆರ್ಗೊನಾಟ್ ಎಂಬ, ಆಕ್ಟೋಪಸ್ಸಿನ ಬಳಗಕ್ಕೆ ಸೇರಿದ ಪ್ರಾಣಿಯುಂಟು. ಅದರ ಹೆಣ್ಣು ಕಾಗದದಷ್ಟು ತೆಳುವಾದ ಬಿಳಿಯ ಚಿಪ್ಪೊಂದರಲ್ಲಿ ವಾಸಿಸುತ್ತದೆ. ಆ ಚಿಪ್ಪು ಅದರ ಸ್ವಂತದ್ದೋ, ಅಥವಾ ಸನ್ಯಾಸಿ ಏಡಿಯಂತೆ ಇದೂ ಸತ್ತವರ ಮನೆಗೆ ಹೊಕ್ಕು ಕುಳಿತಿದೆಯೋ ಎಂಬ ವಿವಾದ ಬಹುಕಾಲದಿಂದ ನಡೆದುಬಂದಿತ್ತು. ಅರಿಸ್ಟಾಟಲನ ಕಾಲದಿಂದಲೂ, ಇದು ಚಿಪ್ಪನ್ನು ದೋಣಿ ಮಾಡಿಕೊಂಡು ತೋಳುಗಳನ್ನು ಹಾಯಿಯಂತೆ ಎತ್ತಿ ಸಾಗುತ್ತದೆಂಬ ಸುಂದರವಾದ ಕಥೆಯೊಂದು ಚಲಾವಣೆಯಲ್ಲಿತ್ತು. ಪಂಡಿತರು ಸತ್ತ ಪ್ರಾಣಿಯನ್ನು ಮುಂದಿಟ್ಟುಕೊಂಡು ವಾದಿಸುತ್ತಿದ್ದರು. ಈ ಹೆಂಗಸು 1832ರ ಸುಮಾರಿಗೆ ಗಾಜಿನ ತೊಟ್ಟಿ ಮಾಡಿಸಿ, ಕಡಲನೀರು ತುಂಬಿ, ಬದುಕಿರುವ ಆರ್ಗೊನಾಟನ್ನು ಅದರಲ್ಲಿ ಬಿಟ್ಟು, ಚಿಪ್ಪಿನ ಒಂದು ಚೂರನ್ನು ಮುರಿದು ನೋಡುತ್ತ ಕುಳಿತಳು. ಪ್ರಾಣಿ ತನ್ನ ಎರಡು ಅಗಲವಾದ ತೋಳುಗಳನ್ನು ಹರಡಿ ಒಡೆದೆಡೆಯನ್ನು ಮತ್ತೆ ಬೆಸೆಯಿತು. ಎರಡು ಸಾವಿರ ವರ್ಷದ ಹಾಯಿದೋಣಿ ಅಲ್ಲಿಗೆ ಮುಳುಗಿತು. ಅಷ್ಟಪದಿಯ ತೋಳಿನ ನೇಯ್ಗೆಯನ್ನು ಕಂಡುಹಿಡಿಯುವುದಕ್ಕೆ ಕಸೂತಿ ಬಲ್ಲ ಕಣ್ಣೇ ಬೇಕಾಯಿತೇನೋ!

ಅವಳ ತೊಟ್ಟಿಯಲ್ಲಿ ಅಲಂಕಾರಕ್ಕೆಂದು ಬೇರೆ ಮೀನುಗಳಿದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ಊಹಿಸಬಹುದು. ಸ್ವಲ್ಪ ಕಾಲದಲ್ಲಿ ಆರ್ಗೊನಾಟೇ ಇರುತ್ತಿರಲಿಲ್ಲ, ಇಲ್ಲವೆ ಮೀನುಗಳಿರುತ್ತಿರಲಿಲ್ಲ.

ಇನ್ನು ಸಣ್ಣದೆಂಬುದರ ವಿಚಾರ. ತೊಟ್ಟಿ ಸಣ್ಣದಾದಷ್ಟೂ ಕೆಲಸ ಹಗುರವೆಂದು ಅಂಗಡಿಯವರು ಹೇಳುವುದುಂಟು. ಕೊಳ್ಳುವವರು ನಂಬುವುದೂ ಉಂಟು. ಇದಕ್ಕಿಂತ ದೊಡ್ಡ ತಪ್ಪು ಮತ್ತೊಂದಿಲ್ಲ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿರುತ್ತದೆ. 40 ಲೀಟರಿನ ತೊಟ್ಟಿಯಿಂದ ಬೇಸಗೆಯಲ್ಲಿ 2 ಲೀಟರು ಆವಿಯಾಯಿತೆನ್ನೋಣ. ಹೋಗುವುದು ನೀರು ಮಾತ್ರ. ಉಪ್ಪು ಉಳಿದೇ ಇರುತ್ತದೆ. ಉಳಿದ 38 ಲೀಟರಿನಲ್ಲಿ ಲವಣ ಲೀಟರಿಗೆ 37 ಗ್ರಾಂ ಹತ್ತಿರಕ್ಕೆ ಏರುತ್ತದೆ. ಅದೇ 2 ಲೀಟರು 400 ಲೀಟರಿನ ತೊಟ್ಟಿಯಿಂದ ಹೋದರೆ ವ್ಯತ್ಯಾಸ ಗ್ರಾಮಿನ ಐದನೆಯ ಒಂದು ಭಾಗವೂ ಆಗದು. ಹೊಸಬನು ಕಡಮೆಯಾದ ಮಟ್ಟವನ್ನು ಉಪ್ಪುನೀರಿನಿಂದಲೇ ತುಂಬುತ್ತಾನೆ. ಮುಂದಿನ ವಾರ ಮತ್ತೆ ತುಂಬುತ್ತಾನೆ. ತಿಂಗಳೊಳಗೆ ಅವನ ಪ್ರಾಣಿಗಳು ಉಪ್ಪಿನಕಾಯಿಯಾಗುವ ಸ್ಥಿತಿಗೆ ಬರುತ್ತವೆ. ತುಂಬಬೇಕಾದದ್ದು ಶುದ್ಧವಾದ ಸಿಹಿನೀರನ್ನು, ಅದೂ ದಿನದಿನವೂ, ಲೋಟದ ಲೆಕ್ಕದಲ್ಲಿ. ಕಾವಿನ ಮಾತೂ ಹೀಗೆಯೇ: ದೊಡ್ಡ ನೀರು ನಿಧಾನವಾಗಿ ಕಾಯುತ್ತದೆ, ಸಣ್ಣ ನೀರು ಮಧ್ಯಾಹ್ನದ ಬಿಸಿಲಿನೊಡನೆಯೇ ಏರುತ್ತದೆ.

ಇದಕ್ಕಿಂತ ಕಠಿನವಾದ ನಿಯಮ ಮತ್ತೊಂದಿದೆ. ಪ್ರಾಣಿಯ ಮಲಮೂತ್ರದಿಂದಲೂ ತಿನ್ನದೆ ಬಿಟ್ಟ ಆಹಾರದಿಂದಲೂ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ಅದನ್ನು ಅಷ್ಟೊಂದು ಕೇಡು ಮಾಡದ ನೈಟ್ರೇಟಿಗೆ ಇಳಿಸುತ್ತದೆ. ಕಣ್ಣಿಗೆ ಕಾಣದ ಈ ಎರಡು ಪಂಗಡಗಳು ಕಲ್ಲಿನ ಸಂದುಗಳಲ್ಲಿ, ಮರಳಿನ ಕಣಗಳ ಮೇಲೆ ಬೀಡುಬಿಟ್ಟು ಬೆಳೆಯುವುದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಲ್ಲಿಯತನಕ ತೊಟ್ಟಿಯಲ್ಲಿ ನೀರು, ಮರಳು, ಕಲ್ಲು, ನೀರನ್ನು ಆಡಿಸುವ ಯಂತ್ರ ಇಷ್ಟೇ ಇರಬೇಕು. ಹಣ ಕೊಟ್ಟು ತಂದ ಗಾಜಿನ ಪೆಟ್ಟಿಗೆಯಲ್ಲಿ ಒಂದೂವರೆ ತಿಂಗಳು ಕಲ್ಲನ್ನು ನೋಡುತ್ತ ಕುಳಿತಿರಬಲ್ಲವನಿಗೆ ಮಾತ್ರ ಈ ಹವ್ಯಾಸದ ಅಧಿಕಾರವುಂಟು. ಉಳಿದವರಿಗೆ ಪ್ಲಾಸ್ಟಿಕ್ಕಿನ ಕಪ್ಪೆಯೇ ಸಾಕು; ಅದು ಸಾಯುವುದಿಲ್ಲ.

ಹಾಗಾದರೆ ಸಣ್ಣ ತೊಟ್ಟಿಯೇ ಏಕೆ? ಕೆಲವು ಜೀವಿಗಳಿಗೆ ಸಣ್ಣದೇ ಹಿತವೆಂಬುದರಿಂದ. ಅಮೆರಿಕದ ಫ್ಲಾರಿಡಾ ತೀರದಲ್ಲಿಯೂ ಮೆಕ್ಸಿಕೋ ಕೊಲ್ಲಿಯಲ್ಲಿಯೂ ಕಡಲಹುಲ್ಲಿನ ನಡುವೆ ಬದುಕುವ ಕುಳ್ಳ ಕಡಲಕುದುರೆ ಇದಕ್ಕೆ ಒಳ್ಳೆಯ ನಿದರ್ಶನ. ಪೂರ್ಣವಾಗಿ ಬೆಳೆದರೂ ಅದು ಒಂದು ಅಂಗುಲದ ಆಜುಬಾಜು. ಆಯುಸ್ಸೂ ಒಂದೆರಡು ವರ್ಷಕ್ಕೆ ಮೀರಿದ್ದಲ್ಲ. ಕಡಲಕುದುರೆಗೆ ಜಠರವೆಂಬುದಿಲ್ಲ, ತಿಂದದ್ದು ಬೇಗ ಸಾಗಿಹೋಗುತ್ತದೆ, ಆದುದರಿಂದ ಅದು ದಿನವಿಡೀ ಮೇಯುತ್ತಿರಬೇಕು. ಬೇಟೆಯನ್ನು ಅಟ್ಟಿಕೊಂಡು ಹೋಗುವ ಶಕ್ತಿಯೂ ಅದಕ್ಕಿಲ್ಲ. ಬಾಲವನ್ನು ಹುಲ್ಲಿಗೆ ಸುತ್ತಿ ನಿಂತು, ಮೂತಿಯ ಮುಂದೆ ತೇಲಿ ಬಂದದ್ದನ್ನು ಒಂದೇ ಉಸಿರಿಗೆ ಹೀರಿಕೊಳ್ಳುವುದು ಅದರ ಕ್ರಮ. 400 ಲೀಟರಿನ ವೈಭವದ ತೊಟ್ಟಿಯಲ್ಲಿ ಬಿಟ್ಟರೆ ಆಹಾರವೆಲ್ಲ ಚೆದುರಿಹೋಗಿ ಈ ಕುದುರೆ ಸಮೃದ್ಧಿಯ ನಡುವೆಯೇ ಉಪವಾಸ ಬೀಳುತ್ತದೆ. 20 ಲೀಟರಿನಲ್ಲಾದರೆ ಮೂತಿಯ ಮುಂದೆ ಏನಾದರೂ ಬಂದೇ ಬರುತ್ತದೆ. ಇಲ್ಲಿ ತೊಟ್ಟಿಯ ಅಳತೆಯನ್ನು ಗೊತ್ತುಮಾಡುವುದು ನಮ್ಮ ಹಜಾರವಲ್ಲ, ನಮ್ಮ ಜೇಬಲ್ಲ, ಪ್ರಾಣಿಯ ಮೂತಿ.

ಆದರೆ ಆ ಮೂತಿಯ ಮುಂದೆ ಬರಬೇಕಾದದ್ದು ಜೀವಂತವಾಗಿರಬೇಕು. ಆರ್ಟೀಮಿಯಾ ಎಂಬ ಉಪ್ಪುಕೆರೆಯ ಪುಟ್ಟ ಸೀಗಡಿಯ ಒಣಗಿದ ಮೊಟ್ಟೆಗಳು ಡಬ್ಬಿಗಳಲ್ಲಿ ಸಿಗುತ್ತವೆ. ಅವನ್ನು ಉಪ್ಪುನೀರಿನಲ್ಲಿ ಹಾಕಿ ಗಾಳಿ ಊದಿದರೆ ಒಂದು ಒಂದೂವರೆ ದಿನದಲ್ಲಿ ಕಿತ್ತಲೆ ಬಣ್ಣದ ಮರಿಗಳು ಹೊರಡುತ್ತವೆ. ಸಾಕುವವನು ಈ ಮರಿಗಳನ್ನು ದಿನಕ್ಕೆ ಎರಡು ಮೂರು ಸಲ ಉಣಿಸಬೇಕು. ಅಂದರೆ ಇಂದಿನ ಊಟವನ್ನು ನಿನ್ನೆಯೇ ಹಾಕಿರಬೇಕು, ನಾಳೆಯದನ್ನು ಇಂದು. ಹಬ್ಬಕ್ಕೆಂದು ಮಾವನ ಮನೆಗೆ ನಾಲ್ಕು ದಿನ ಹೋಗುವ ಹಾಗಿಲ್ಲ. ಈ ಮೊಟ್ಟೆ, ಕಲ್ಲುಗಳ ಜೊತೆಯಲ್ಲಿಯೇ ಹೈಡ್ರಾಯ್ಡ್ ಎಂಬ ಕುಟುಕುವ ಕಿರುಜೀವಿ ನುಸುಳಿಬಂದರೆ ಕುದುರೆಮರಿಗಳ ಕಥೆ ಮುಗಿದಂತೆ. ಎಲ್ಲವೂ ನೆಟ್ಟಗೆ ನಡೆದರೆ ಮಾತ್ರ ನೋಡುವವನಿಗೆ ದೊರೆಯುವ ದೃಶ್ಯ ದೊಡ್ಡದು. ಹೆಣ್ಣು ತನ್ನ ಮೊಟ್ಟೆಗಳನ್ನು ಗಂಡಿನ ಹೊಟ್ಟೆಯ ಚೀಲಕ್ಕೆ ಇಳಿಸುತ್ತದೆ. ಬಸುರು ಹೊರುವುದೂ ಹೆರುವುದೂ ಗಂಡು. ಸುಮಾರು ಹತ್ತು ಹನ್ನೆರಡು ದಿನಗಳ ಬಳಿಕ ಹೊರಬರುವ ಮರಿಗಳು ಹುಟ್ಟಿದ ಗಳಿಗೆಯಿಂದಲೇ ಬಾಲಕ್ಕೊಂದು ಆಸರೆಯನ್ನು ಹುಡುಕುತ್ತವೆ.

ಇದೇ ಜೀವಿಯನ್ನು 1950–60ರ ದಶಕಗಳಲ್ಲಿ ಅಮೆರಿಕದ ಮಕ್ಕಳ ಚಿತ್ರಕಥೆಯ ಪುಸ್ತಕಗಳಲ್ಲಿ ಜಾಹೀರಾತು ಕೊಟ್ಟು ಅಂಚೆಯ ಮೂಲಕ ಮಾರುತ್ತಿದ್ದರು. ಕೆಲವು ಡಾಲರು ಕಳಿಸಿದರೆ ಕಡಲಕುದುರೆ ಮನೆಗೆ ಬರುತ್ತಿತ್ತು. ಬರುವಾಗ ಜೀವವಿದ್ದರೂ, ಅಡಿಗೆಮನೆಯ ಬೋಗುಣಿಯಲ್ಲಿ ಅದಕ್ಕೆ ಎಷ್ಟು ದಿನದ ಬದುಕು ಸಾಧ್ಯವಿತ್ತೆಂಬುದನ್ನು ಮೇಲಿನದನ್ನು ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ‘ಅಪರೂಪ’ವೆಂಬ ಆಸೆಯನ್ನು ನಾನು ಸಂಶಯದಿಂದ ನೋಡುವುದು ಇದಕ್ಕಾಗಿಯೇ. ಅಪರೂಪವಾದದ್ದು ಮೊದಲ ದಿನ ಮಾತ್ರ ಅಪರೂಪ. ನಲವತ್ತನೆಯ ದಿನ ಅದೂ ಒಂದು ಹೊಟ್ಟೆ, ಒಂದು ಕೊಳೆ.

ಮ್ಯಾಂಟಿಸ್ ಸೀಗಡಿಯ ಪರವಾಗಿ ಎರಡು ಮಾತು ಹೇಳದಿದ್ದರೆ ಅನ್ಯಾಯವಾದೀತು. ನಮ್ಮ ಗದ್ದೆಬದುಗಳಲ್ಲಿ ಮುಂಗಾಲು ಮಡಿಸಿ ಕೈಮುಗಿದಂತೆ ನಿಲ್ಲುವ ಸೂರ್ಯನ ಕುದುರೆಯ ಹಾಗೆ ಇದೂ ಮುಂಗಾಲು ಮಡಿಸಿರುತ್ತದೆ. ಕೆಲವು ಜಾತಿಗಳಲ್ಲಿ ಆ ಕಾಲಿನ ಗೆಣ್ಣು ಸುತ್ತಿಗೆಯಂತಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಶೀಲಾ ಪಟೇಕ್ ಮತ್ತು ಸಂಗಡಿಗರು ನವಿಲುಬಣ್ಣದ ಮ್ಯಾಂಟಿಸ್ಸಿನ ಏಟನ್ನು ವೇಗದ ಕ್ಯಾಮರಾದಲ್ಲಿ ಹಿಡಿದು 2004ರಲ್ಲಿ ಪ್ರಕಟಿಸಿದರು; ವೇಗ ಸೆಕೆಂಡಿಗೆ 23 ಮೀಟರಿನವರೆಗೆ ಮುಟ್ಟುತ್ತದೆ. ನೀರು ಆ ವೇಗವನ್ನು ತಾಳಲಾರದೆ ಗುಳ್ಳೆಯಾಗಿ ಒಡೆದು, ಆ ಒಡೆತವೇ ಎರಡನೆಯ ಏಟಾಗುತ್ತದೆ. ಬಸವನಹುಳುವಿನ ಚಿಪ್ಪು, ಏಡಿಯ ಬೆನ್ನು ಇದರ ಮುಂದೆ ನಿಲ್ಲವು.

ಈ ಪ್ರಾಣಿಯನ್ನು ಬಹುಮಂದಿ ಬಯಸಿ ತಂದವರಲ್ಲ. ಹವಳದ ದಿಬ್ಬದಿಂದ ತಂದ ಕಲ್ಲಿನ ಬಿಲದಲ್ಲಿ ಅಡಗಿಕೊಂಡು ಬೆರಳುದ್ದದ ಮ್ಯಾಂಟಿಸ್ಸು ದೊಡ್ಡ ತೊಟ್ಟಿಗೆ ಬಂದುಬಿಡುತ್ತದೆ. ರಾತ್ರಿ ಟಕ್ ಟಕ್ ಎಂಬ ಸದ್ದು. ಬೆಳಗಾದರೆ ಒಂದು ಏಡಿ ಇಲ್ಲ, ಒಂದು ಮೀನಿಲ್ಲ. ಯಜಮಾನನು ಪತ್ತೇದಾರನಾಗಿ ಕಲ್ಲನ್ನು ಹೊರತೆಗೆದು, ಬಿಲಕ್ಕೆ ಸೋಡಾ ಹೊಯ್ದು, ಕೊಲೆಗಾರನನ್ನು ಕೊಂದು ನ್ಯಾಯ ದೊರಕಿಸುತ್ತಾನೆ. ವಾಸ್ತವವಾಗಿ ಆ ಸೀಗಡಿ ಮಾಡಿದ ತಪ್ಪೇನು? ಅದರ ಊಟದ ನಡುವೆ ನಾವು ನಮ್ಮ ಅಲಂಕಾರವನ್ನು ಹೂಡಿದ್ದೆವು. ಕೊಲ್ಲುವುದರ ಬದಲು ಅದನ್ನು 40 ಲೀಟರಿನ ಬೇರೆ ತೊಟ್ಟಿಗೆ ಸಾಗಿಸಿ, ಬಿಲಕ್ಕೆಂದು ಕಲ್ಲಿನ ಚೂರು ಕೊಟ್ಟು, ಒಂಟಿಯಾಗಿ ಇರಗೊಟ್ಟವರೂ ಉಂಟು. ಅವರು ಹೇಳುವುದನ್ನು ಕೇಳಿದರೆ, ಅದು ಬಿಲದ ಬಾಯಲ್ಲಿ ನಿಂತು ಎರಡು ಕಣ್ಣುಗಳನ್ನು ಒಂದೊಂದು ದಿಕ್ಕಿಗೆ ತಿರುಗಿಸುತ್ತ ನೋಡುವವನನ್ನೇ ನೋಡುತ್ತದಂತೆ. ಪೊರೆ ಬಿಡುವ ಕಾಲಕ್ಕೆ ಬಾಗಿಲನ್ನು ಕಲ್ಲು ಮರಳಿನಿಂದ ಮುಚ್ಚಿಕೊಂಡು ಕೆಲವು ದಿನ ಯಾರಿಗೂ ಮುಖ ತೋರಿಸುವುದಿಲ್ಲವಂತೆ. ಬಹುಜಾತಿಯ ತೊಟ್ಟಿಯಲ್ಲಿ ಖಳನಾಯಕನಾದವನು ತನ್ನ ಮನೆಯಲ್ಲಿ ಒಳ್ಳೆಯ ಗೃಹಸ್ಥ. ಏಕಜಾತಿಯ ತೊಟ್ಟಿಗೆ ಇದಕ್ಕಿಂತ ಬಲವಾದ ಸಮರ್ಥನೆ ನನಗೆ ತೋರುವುದಿಲ್ಲ.

ನಾನು ಹತ್ತಿರದಿಂದ ಬಲ್ಲ ತೊಟ್ಟಿ ಒಂದೇ. ಪ್ರಾಣಿಶಾಸ್ತ್ರ ಬೋಧಿಸುವ ನನ್ನ ಮಿತ್ರರೊಬ್ಬರ ಮನೆಯಲ್ಲಿ ಒಂದು ಪಿಸ್ತೂಲು ಸೀಗಡಿಯೂ ಒಂದು ಗೋಬಿ ಮೀನೂ ಕೂಡಿ ಬಾಳುತ್ತಿವೆ. (ಗೋಬಿ ಎಂದೊಡನೆ ಸಂಜೆಯ ಕೈಗಾಡಿಯನ್ನು ನೆನೆಯುವ ನನ್ನ ವಿದ್ಯಾರ್ಥಿಗಳು ಮನ್ನಿಸಬೇಕು.) ಲೆಕ್ಕಕ್ಕೆ ಎರಡು ಜಾತಿಯಾದರೂ ಸಂಸಾರ ಒಂದೇ. ಸೀಗಡಿಗೆ ಕಣ್ಣು ಮಂದ. ಅದು ಮರಳಿನಲ್ಲಿ ಬಿಲ ತೋಡುವ ಕೂಲಿ. ಮೀನಿಗೆ ತೋಡಲು ಬಾರದು. ಅದು ಬಾಗಿಲ ಕಾವಲು. ಹೊರಗೆ ಬಂದಾಗಲೆಲ್ಲ ಸೀಗಡಿ ತನ್ನ ಮೀಸೆಯೊಂದನ್ನು ಮೀನಿನ ಬಾಲಕ್ಕೆ ತಗುಲಿಸಿಕೊಂಡಿರುತ್ತದೆ. ಮೀನು ಬಾಲವನ್ನೊಮ್ಮೆ ನಡುಗಿಸಿದರೆ ಅಪಾಯವೆಂದು ಅರ್ಥ, ಇಬ್ಬರೂ ಒಳಗೆ. ಈ ಸೀಗಡಿಯ ಒಂದು ಚಿಮುಟ ಪಿಸ್ತೂಲಿನಂತೆ ಸದ್ದು ಮಾಡುತ್ತದೆ. ಸದ್ದು ಬರುವುದು ಚಿಮುಟದ ಎರಡು ತುದಿ ತಾಗುವುದರಿಂದಲ್ಲ, ನೀರಿನಲ್ಲೆದ್ದ ಗುಳ್ಳೆ ಕುಸಿಯುವುದರಿಂದ ಎಂದು 2000ದಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಎರಡನೆಯ ಮಹಾಯುದ್ಧದಲ್ಲಿ ನೀರಿಗೆ ಕಿವಿಗೊಟ್ಟು ಜಲಾಂತರ್ಗಾಮಿಗಳನ್ನು ಹುಡುಕುತ್ತಿದ್ದ ನೌಕಾಪಡೆಗಳಿಗೆ ಈ ಸೀಗಡಿಗಳ ಚಟಪಟವೇ ಒಂದು ಪೀಡೆಯಾಗಿತ್ತು. ಮಿತ್ರರ ಮನೆಗೆ ಮೊದಲು ಬಂದವರು ಎರಡು ನಿಮಿಷ ನೋಡಿ, “ಏನೂ ಇಲ್ಲವಲ್ಲ ಸಾರ್, ಬರೀ ಮರಳು” ಎನ್ನುತ್ತಾರೆ. ಅವರು ಕಾಫಿ ತರುವುದಕ್ಕೆ ಹೇಳುತ್ತಾರೆ. ಕಾಫಿ ಮುಗಿಯುವಷ್ಟರಲ್ಲಿ ಮೀಸೆಯೊಂದು ಹೊರಗೆ ಬಂದಿರುತ್ತದೆ.

ಸೆರೆ ಸೆರೆಯೇ ತಾನೆ ಎಂದು ಕೆಲವರು ವಾದಿಸುತ್ತಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ದಿನಕ್ಕೆ ಹರದಾರಿಗಟ್ಟಲೆ ಈಜುವ ಮೀನನ್ನು ಮೂರು ಅಡಿಯ ಗಾಜಿನಲ್ಲಿ ತಿರುಗಿಸುವುದು ಕ್ರೌರ್ಯವೇ ಸರಿ. ಆದರೆ ಒಂದು ಎಸಳು ಹುಲ್ಲು, ಒಂದು ಬಿಲ, ಒಂದು ಬಂಡೆಯ ಸಂದು ಇವನ್ನೇ ಜಗತ್ತಾಗಿ ಮಾಡಿಕೊಂಡ ಜೀವಿಗಳ ಮಾತು ಬೇರೆ. ಅವು ಉಣ್ಣುತ್ತವೆಯೋ, ಪೊರೆ ಬಿಡುತ್ತವೆಯೋ, ಮರಿ ಮಾಡುತ್ತವೆಯೋ ಎಂಬ ಮೂರು ಸಾಕ್ಷಿಗಳ ಮೇಲೆ ಅವನ್ನು ಸಾಕುವವನ ತೀರ್ಪಾಗಲಿ. ನನಗೆ ಹೆಚ್ಚಿನ ಆತಂಕವಿರುವುದು ತೊಟ್ಟಿಯೊಳಗಿನದಕ್ಕಿಂತ ತೊಟ್ಟಿಗೆ ಬರುವ ಮುಂಚಿನ ದಾರಿಯ ವಿಷಯದಲ್ಲಿ. ಇಂಗ್ಲೆಂಡಿನಲ್ಲಿ 1845ರಲ್ಲಿ ಗಾಜಿನ ಸುಂಕ ರದ್ದಾಯಿತು. 1853ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ‘ಫಿಶ್ ಹೌಸ್’ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ‘ದಿ ಅಕ್ವೇರಿಯಂ’ ಎಂಬ ಪುಸ್ತಕ ಬರೆದ. ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲ ಜಾರ್ಜ್ ಎಲಿಯಟ್ಟಳೂ 1856ರಲ್ಲಿ ಲ್ಯೂಯಿಸನೊಡನೆ ಇಲ್‌ಫ್ರಾಕೂಂಬಿನ ತೀರದಲ್ಲಿ ಕಡಲಜೀವಿಗಳನ್ನು ಹುಡುಕುತ್ತ, ಪ್ರತಿಯೊಂದರ ಹೆಸರನ್ನು ತಿಳಿಯಬೇಕೆಂಬ ಹಂಬಲ ಹತ್ತಿದವಳು. ಆ ವರ್ಷವೇ ಅವಳು ತನ್ನ ಮೊದಲ ಕಥೆಗೆ ಕೈಹಾಕಿದ್ದು. ಗಾಸನ ಪುಸ್ತಕ ಓದಿದವರೆಲ್ಲ ಸುತ್ತಿಗೆ, ಉಳಿ, ಜಾಡಿ ಹಿಡಿದು ತೀರಕ್ಕೆ ಧಾವಿಸಿದರು. ಅರ್ಧ ಶತಮಾನದ ಬಳಿಕ ಅವನ ಮಗ ಎಡ್ಮಂಡ್ ಗಾಸ್ 1907ರ ‘ಫಾದರ್ ಅಂಡ್ ಸನ್’ ಗ್ರಂಥದಲ್ಲಿ, ತನ್ನ ತಂದೆ ಪ್ರೀತಿಯಿಂದ ವರ್ಣಿಸಿದ ಆ ಬಂಡೆಗುಂಡಿಗಳು ಆ ವರ್ಣನೆಯಿಂದಲೇ ಬರಿದಾದುವೆಂದು ಮರುಗಿದ. ಬರೆಯುವವರು ನೆನಪಿಡಬೇಕಾದ ಪುಟ ಅದು. ಈ ಲೇಖನ ಬರೆಯುವಾಗ ನನ್ನ ಮೇಜಿನ ಮೇಲೆ ಅದು ತೆರೆದೇ ಇತ್ತು.

ಈಚಿನ ಕಾಲದಲ್ಲಿ ಸುತ್ತಿಗೆಯ ಜಾಗಕ್ಕೆ ವಿಷ ಬಂದಿತು. ಫಿಲಿಪ್ಪೀನ್ಸಿನಲ್ಲಿ 1960ರ ದಶಕದಿಂದ ಹವಳದ ಸಂದುಗಳಿಗೆ ಸಯನೈಡು ಚಿಮ್ಮಿಸಿ, ಮೀನು ಮತ್ತೇರಿದಾಗ ಹಿಡಿಯುವ ಪದ್ಧತಿ ಹಬ್ಬಿತು; ಹವಳ ಅಲ್ಲಿಯೇ ಸಾಯುತ್ತಿತ್ತು. ನಮ್ಮ ದೇಶದಲ್ಲಿ ಕಡಲಕುದುರೆಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಸೇರಿಸಿದರು. ದಿಬ್ಬ ಕಟ್ಟುವ ಹವಳಗಳೂ ಹಾಗೆಯೇ ಸೇರಿದುವು. ಆದುದರಿಂದ ಮಲ್ಪೆಯಲ್ಲಿಯೋ ಕಾರವಾರದಲ್ಲಿಯೋ ಬಲೆಗೆ ಸಿಕ್ಕ ಕಡಲಕುದುರೆಯನ್ನು ಯಾರಾದರೂ ತೋರಿಸಿದರೆ, ಅದನ್ನು ಮನೆಗೆ ತರುವುದು ಅಪರಾಧವೆಂದು ನನ್ನ ತರುಣ ವಾಚಕರು ತಿಳಿದಿರಲಿ. ತೊಟ್ಟಿಯಲ್ಲಿಯೇ ಹುಟ್ಟಿ ತೊಟ್ಟಿಯಲ್ಲಿಯೇ ಉಣ್ಣಲು ಕಲಿತ ಪ್ರಾಣಿ, ಅದೂ ಕಾನೂನು ಒಪ್ಪುವುದಾದರೆ, ಬರಲಿ. ಇಲ್ಲವಾದರೆ ಖಾಲಿ ಕಲ್ಲೂ ನೋಡುವುದಕ್ಕೆ ಕೆಟ್ಟದ್ದಲ್ಲ. ಅದರಲ್ಲಿಯೂ ಕಿರುಹುಳುಗಳು ಕಾಣಿಸಿಕೊಳ್ಳುತ್ತವೆ.

ದುಡಿಮೆ ಯಾರದು ಎಂಬುದನ್ನೂ ಕೇಳಬೇಕು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿನಲ್ಲಿದ್ದ ಅನ್ನಾ ಥಿನ್ ಎಂಬ ಸಿರಿವಂತ ಮಹಿಳೆ 1846ರಲ್ಲಿ ಟಾರ್‌ಕ್ವೇ ತೀರದಿಂದ ಹವಳದ ಜೀವಿಗಳನ್ನು ತಂದು ವರ್ಷಗಟ್ಟಲೆ ಬದುಕಿಸಿದಳೆಂಬುದು ಪ್ರಸಿದ್ಧ ಸಂಗತಿ. ಗಾಳಿ ಬೆರೆಯಲೆಂದು ತೆರೆದ ಕಿಟಕಿಯ ಮುಂದೆ ನಿಂತು ಆ ನೀರನ್ನು ಪಾತ್ರೆಯಿಂದ ಪಾತ್ರೆಗೆ ದಿನವೂ ಎತ್ತಿ ಸುರಿಯುತ್ತಿದ್ದವಳು ಮನೆಗೆಲಸದ ಹುಡುಗಿ. ಅವಳ ಹೆಸರು ಇತಿಹಾಸಕ್ಕೆ ಬೇಕಾಗಲಿಲ್ಲ. ನಮ್ಮಲ್ಲಿಯೂ ಯಜಮಾನರು ತೊಟ್ಟಿ ತಂದು, ಅದರ ಗಾಜನ್ನು ಒರೆಸುವ ಭಾಗ್ಯವನ್ನು ಮನೆಯಾಕೆಗೆ ಬಿಡುವುದನ್ನು ಕಂಡಿದ್ದೇನೆ.

ಈ ಹವ್ಯಾಸದವರಲ್ಲಿ ನನಗೆ ಅತ್ಯಂತ ಗೌರವವಿರುವುದು ಸ್ಕಾಟ್ಲೆಂಡಿನ ಸರ್ ಜಾನ್ ಗ್ರಹಾಂ ಡಾಲಿಯೆಲ್ ಎಂಬಾತನಲ್ಲಿ. 1828ರಲ್ಲಿ ಆತ ನಾರ್ತ್ ಬೆರಿಕ್ ತೀರದ ಬಂಡೆಯಿಂದ ಒಂದು ಕಡಲಹೂವನ್ನು, ಅಂದರೆ ಇಂಗ್ಲಿಷರು ಸೀ ಅನಿಮನಿ ಎನ್ನುವ ಪ್ರಾಣಿಯನ್ನು, ಎಡಿನ್‌ಬರೋಗೆ ತಂದು ಒಂದು ಗಾಜಿನ ಜಾಡಿಯಲ್ಲಿಟ್ಟ. ಅದು ಆ ತೀರದಲ್ಲಿ ಎಲ್ಲೆಂದರಲ್ಲಿ ಸಿಗುವ, ಯಾರೂ ಬಾಗಿ ನೋಡದ ಜಾತಿ. ಯಂತ್ರವಿಲ್ಲ, ಸೋಸುವ ಸಾಧನವಿಲ್ಲ. ಮೇಲಿಂದ ಮೇಲೆ ಹೊಸ ಕಡಲನೀರು, ಆಗೊಮ್ಮೆ ಈಗೊಮ್ಮೆ ಒಂದು ಚೂರು ಚಿಪ್ಪುಮಾಂಸ. ಡಾಲಿಯೆಲ್ 1851ರಲ್ಲಿ ತೀರಿಕೊಂಡ. ಜಾಡಿ ಒಬ್ಬ ಪ್ರಾಧ್ಯಾಪಕನ ಕೈಗೆ ಹೋಯಿತು. ಅವನ ಬಳಿಕ ಒಬ್ಬ ವೈದ್ಯನಿಗೆ. ಕೊನೆಗೆ ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್ನಿಗೆ. ಪ್ರತಿಯೊಬ್ಬನೂ ನೀರು ಬದಲಾಯಿಸಿದ, ಮಾಂಸದ ಚೂರು ಕೊಟ್ಟ. ನೂರಾರು ಮರಿಗಳನ್ನು ಹೆತ್ತ ಆ ಪ್ರಾಣಿಯನ್ನು ಊರವರು ‘ಗ್ರ್ಯಾನಿ’, ಅಜ್ಜಿ, ಎಂದು ಕರೆಯುತ್ತಿದ್ದರು. ನೋಡಲು ಬಂದವರು ಸಹಿ ಮಾಡುವುದಕ್ಕೆ ಒಂದು ಪುಸ್ತಕವೂ ಇತ್ತು. 1887ರ ಆಗಸ್ಟಿನಲ್ಲಿ, ಜಾಡಿಗೆ ಬಂದ ಐವತ್ತೊಂಬತ್ತನೆಯ ವರ್ಷದಲ್ಲಿ, ಅಜ್ಜಿ ಸತ್ತಳು. ಪತ್ರಿಕೆಗಳಲ್ಲಿ ನಿಧನವಾರ್ತೆ ಅಚ್ಚಾಯಿತು.